ಶುಕ್ರವಾರದ ಎಡೆ

ಮೇ 3, ಶುಕ್ರವಾರ

ರಜೆಗೆ ಬಂದಿದ್ದೇನೆ. ಇದನ್ನು ಮೊದಲು ಬರೆದಿಡುವುದು ವಾಸಿ, ಇಲ್ಲದಿದ್ದರೆ ನನಗೇ ಮರೆತುಹೋದೀತು. ಕಾರ್ಯಾಕು ದ್ವೀಪದ ಆನ್ಸ್ ರೋಜ್ ಎಂಬ ಊರಿನಲ್ಲಿ ಐದು ದಿನ ಸಮುದ್ರಸ್ನಾನ, ಮೀನೂಟ, ನಿದ್ದೆ. ಬಟ್ಟೆ ಹೊಲಿಯಲು ಕೊಟ್ಟವರಿಗೆಲ್ಲ ಹಾಗೆಯೇ ಹೇಳಿ ಅಂಗಡಿಗೆ ಬೀಗ ಹಾಕಿದೆ. ಪಕ್ಕದ ಮನೆಯ ಡೋರೀನ್ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬಾಗಿಲು ತೆಗೆದ್ರೆ ಸಮುದ್ರ ಕಾಣುತ್ತೆ ಇಲ್ಲಿ. ಸಮುದ್ರ ದಾಟಿ ಹೋಗಿ ಸಮುದ್ರ ನೋಡ್ತೀಯಾ ಲಿಸ್ಟ್ರಾ?"

"ಆ ಸಮುದ್ರ ಬೇರೆ, ಈ ಸಮುದ್ರ ಬೇರೆ."

"ಹೌದೌದು, ಅಲ್ಲಿ ಉಪ್ಪು ಕಮ್ಮಿ ಇರಬೇಕು" ಎಂದಳು. ಅವಳ ಬಾಯಿಗೆ ಹಾಕುವಂಥ ಬೀಗ ನನ್ನ ಹತ್ತಿರ ಇಲ್ಲ.

ಹಡಗು ನಡುನೀರಿನಲ್ಲಿ ಕುಲುಕಾಡಿದಾಗ ಎಲ್ಲರೂ ಚೀಲ ಹಿಡಿದು ವಾಂತಿ ಮಾಡಿದರು. ನಾನು ಮಾಡಲಿಲ್ಲ. ಈ ನೀರಿನ ಕಥೆಯನ್ನು ಹದಿನಾಲ್ಕು ವರ್ಷ ಕೇಳಿದವಳು ನಾನು. ಆಲ್ಬನ್ ಸರಕಿನ ದೋಣಿಯಲ್ಲಿ ಈ ದಾರಿಯಲ್ಲೇ ವಾರಕ್ಕೊಮ್ಮೆ ಬರುತ್ತಿದ್ದ. ಶುಕ್ರವಾರ ಸಂಜೆ ದೋಣಿ ನಮ್ಮ ಸೇಂಟ್ ಜಾರ್ಜಸ್ ಪಟ್ಟಣದ ಕಟ್ಟೆಗೆ ತಾಗಿದರೆ ಸೋಮವಾರದವರೆಗೆ ನನ್ನ ಮನೆ. ಆಮೇಲೆ ಆನ್ಸ್ ರೋಜ್, ಹೆಂಡತಿಯ ಮನೆ. ನಾನು ಅವನಿಗೆ ಏನಾಗಿದ್ದೆ ಎಂದು ನನಗೆ ಗೊತ್ತು, ಅದಕ್ಕೆ ಯಾರ ಕ್ಷಮೆಯೂ ನನಗೆ ಬೇಕಾಗಿಲ್ಲ. ಎರಡು ವರ್ಷದ ಹಿಂದೆ ದೋಣಿಯಲ್ಲೇ ಕುಸಿದು ಬಿದ್ದು ಸತ್ತ. ಪೆಟ್ಟಿಗೆಯನ್ನು ಊರಿಗೆ ಸಾಗಿಸಲು ದೋಣಿಗೇರಿಸುವಾಗ ನಾನು ಕಟ್ಟೆಯ ಮೇಲೆ ತರಕಾರಿ ಬುಟ್ಟಿ ಹಿಡಿದು, ಸಂತೆಗೆ ಬಂದವಳ ಹಾಗೆ ನಿಂತಿದ್ದೆ. ಅವನ ಜೊತೆ ದುಡಿಯುತ್ತಿದ್ದ ಕಾನ್ರಾಡ್ ಒಬ್ಬನೇ ನನ್ನ ಕಡೆ ತಿರುಗಿ ಟೋಪಿ ತೆಗೆದ.

ಅದೇ ಕಾನ್ರಾಡ್ ಈಚೆಗೆ ಮಾರುಕಟ್ಟೆಯಲ್ಲಿ ಸಿಕ್ಕಿ, ಆಲ್ಬನ್‌ಗೆ ಇನ್ನೂ ಕಲ್ಲು ನಿಲ್ಲಿಸಿಲ್ಲ ಎಂದ. ಕಾರ್ಯಾಕುವಿನವರಿಗೆ ಸಮಾಧಿಯ ಕಲ್ಲೆಂದರೆ ಸಣ್ಣ ಮಾತಲ್ಲ. ಕಲ್ಲು ನಿಲ್ಲಿಸಿ, ಅದಕ್ಕೆ ನೀರು ಹೊಯ್ದು, ಊರಿಗೆಲ್ಲ ಊಟ ಹಾಕಿ ಡೋಲು ಬಾರಿಸಿದ ಮೇಲೆಯೇ ಸತ್ತವನಿಗೊಂದು ನೆಲೆ. ಅಲ್ಲಿಯವರೆಗೆ ಅಲೆಯುತ್ತಿರುತ್ತಾನೆ. ಎರಡು ವರ್ಷದಿಂದ ಗಂಡನನ್ನು ಬೀದಿಯಲ್ಲಿ ಬಿಟ್ಟಿದ್ದಾಳೆ ಆ ಹೆಂಗಸು. ಕೇಳಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಾನಾಗಿದ್ದರೆ ಹೊಲಿಗೆ ಯಂತ್ರ ಮಾರಿಯಾದರೂ ನಿಲ್ಲಿಸುತ್ತಿದ್ದೆ. ಅವಳ ಮುಖ ಒಮ್ಮೆ ನೋಡಬೇಕು, ಸಾಧ್ಯವಾದರೆ ಮುಖಕ್ಕೆ ಹೊಡೆದ ಹಾಗೆ ಒಂದು ಮಾತು ಆಡಿ ಬರಬೇಕು. ಇದು ನನ್ನ ರಜೆ.

ಅವನು ಅಲೆಯುತ್ತಿರುವುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅವನು ಬರುವುದು ನನ್ನ ಮನೆಗೆ. ಹೋದ ನವೆಂಬರಿನಲ್ಲಿ, ಸಮಾಧಿಗಳಿಗೆ ಮೇಣದ ಬತ್ತಿ ಹಚ್ಚುವ ಹಬ್ಬ ಕಳೆದ ಮಾರನೆಯ ದಿನ, ಮೊದಲ ಸಲ ಕನಸಿನಲ್ಲಿ ಬಂದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. "ಹಸಿವು ಲಿಸ್ಟ್ರಾ" ಎಂದ. ಅಂದಿನಿಂದ ಪ್ರತಿ ಶುಕ್ರವಾರ ಕಿಟಕಿಯ ಬಳಿ ಅವನಿಗೆ ಎಡೆ ಇಡುತ್ತೇನೆ. ಈ ಪದ್ಧತಿ ನಮ್ಮ ಊರಿನ ಕಡೆ ಇಲ್ಲ. ಸತ್ತವರ ಅಡುಗೆಗೆ ಉಪ್ಪು ಹಾಕಬಾರದು, ಎಡೆ ಇಟ್ಟ ಮೇಲೆ ತಿರುಗಿ ನೋಡಬಾರದು ಎಂದೆಲ್ಲ ಅವನೇ ಬದುಕಿದ್ದಾಗ ಹೇಳಿದ್ದ. ಪ್ರತಿ ಶುಕ್ರವಾರ ನಿದ್ದೆಯಲ್ಲಿ ಬಂದು, ಕೂತು, ಉಂಡು ಹೋಗುತ್ತಾನೆ. ಬದುಕಿದ್ದಾಗ ಗಾಳಿ ನೋಡಿಕೊಂಡು ಬರುತ್ತಿದ್ದ, ಈಗ ತಪ್ಪಿಸುವುದಿಲ್ಲ.

ಇವತ್ತೂ ಶುಕ್ರವಾರ. ನನಗೆ ಕೊಟ್ಟ ಮೀನಿನಲ್ಲಿ ಅರ್ಧವನ್ನು ನೀರಿನಲ್ಲಿ ತೊಳೆದು, ಉಪ್ಪು ಬಿಡಿಸಿ, ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೇನೆ.

ಮೇ 4, ಶನಿವಾರ

ಬಂದಿದ್ದ. ಆದರೆ ಒಳಗೆ ಬರಲಿಲ್ಲ, ಕಿಟಕಿಯ ಆಚೆಯೇ ನಿಂತು ಉಂಡ. ಇಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ ಅವನ ಹೆಂಡತಿಯ ಮನೆ. ಸಂಕೋಚವಿರಬೇಕು.

ನಾನು ಇಳಿದುಕೊಂಡಿರುವ ಮನೆಯ ಯಜಮಾನಿ ಟಾಂಟಿ ಜೀಟಾ, ಎಂಬತ್ತರ ಹತ್ತಿರದ ಮುದುಕಿ. ಊರಿಗೆಲ್ಲ ಟಾಂಟಿ, ಅಂದರೆ ಚಿಕ್ಕಮ್ಮ. ಬೆಳಿಗ್ಗೆ ಕೋಕೋ ಟೀ ತಂದವಳ ಕಣ್ಣು ನೇರ ಕಿಟಕಿಗೆ ಹೋಯಿತು.

"ಯಾರಿಗಮ್ಮ ಈ ತಟ್ಟೆ?"

"ಬೆಕ್ಕಿಗೆ ಟಾಂಟಿ."

"ನಮ್ಮ ಬೆಕ್ಕು ಚಮಚ ಹಿಡಿಯಲ್ಲ ಮಗಳೇ."

ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು.

ಸ್ನಾನಕ್ಕೆಂದು ಟವೆಲು ಹೆಗಲಿಗೇರಿಸಿ ಹೊರಟವಳು ಸ್ಮಶಾನಕ್ಕೆ ಹೋದೆ. ಸ್ಮಶಾನ ಸಮುದ್ರದ ಅಂಚಿಗೇ ಇದೆ, ಮುಂದಿನ ಸಾಲಿನ ಕೆಲವರನ್ನು ಅಲೆಗಳು ಆಗಲೇ ಕೊಂಡುಹೋಗಿವೆ. ಆಲ್ಬನ್ ಹಿಂದಿನ ಸಾಲಿನಲ್ಲಿದ್ದಾನೆ. ಮರದ ಶಿಲುಬೆ, ಸುತ್ತ ಶಂಖಗಳು. ಕಳೆ ಕಿತ್ತು, ಗುಡಿಸಿ, ನಾಲ್ಕು ಕಣ್ಣೀರು ಹಾಕಿ, ಅವಳಿಗೆ ಮನಸ್ಸಿನಲ್ಲೇ ಶಾಪ ಹಾಕುವುದೆಂದು ಯೋಚಿಸಿಕೊಂಡೇ ಹೋಗಿದ್ದೆ. ಒಂದು ಕಳೆಯೂ ಇರಲಿಲ್ಲ. ಮರಳಿನ ಮೇಲೆ ಪೊರಕೆಯ ಗೆರೆಗಳು ಇನ್ನೂ ಹಸಿಯಾಗಿದ್ದವು. ಶಂಖಗಳಿಗೆ ಹೊಸದಾಗಿ ಸುಣ್ಣ ಬಳಿದಿತ್ತು. ನನಗೆ ಮಾಡಲು ಏನೂ ಉಳಿದಿರಲಿಲ್ಲ, ಅಳುವುದಕ್ಕೂ ಮನಸ್ಸು ಬರಲಿಲ್ಲ.

ಹಿಂದೆ ನೀರಿನ ಡಬ್ಬದ ಸದ್ದಾಯಿತು. ಕುಳ್ಳಗಿನ ಹೆಂಗಸು, ಮುಖಕ್ಕಿಂತ ದೊಡ್ಡ ಕನ್ನಡಕ. ಹೆಸರು ಹೇಳಬೇಕಾಗಿರಲಿಲ್ಲ.

"ನೀವು ಯಾರ ಕಡೆಯೋರು?" ಎಂದಳು. ಸಮಾಧಿಯ ಹತ್ತಿರ ನಿಂತವರನ್ನು ಇಲ್ಲಿಯವರು ಕೇಳುವುದೇ ಹಾಗೆ.

"ಯಾರ ಕಡೆಯೂ ಅಲ್ಲ. ರಜೆಗೆ ಬಂದಿದ್ದೀನಿ, ಪಟ್ಟಣದಿಂದ."

"ರಜೆಗೆ ಬಂದೋರು ಸಮುದ್ರ ನೋಡ್ತಾರೆ."

"ಸಮುದ್ರಾನೂ ಇಲ್ಲೇ ಇದೆಯಲ್ಲ."

ನಕ್ಕಳು. ನಗುವಾಗ ಕೈ ಮುಂದೆ ಚಾಚಿದಳು, ನಾನು ಹಿಡಿದೆ. ಕೈ ಬಿಡದೆ ನನ್ನ ಬೆರಳ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಹೊಲಿಯೋ ಕೈ ಇದು. ನನಗೆ ಕಣ್ಣಿಗೆ ಪೊರೆ ಬಂದಿದೆ, ಮುಖ ಎಲ್ಲಾ ಮಸಕು. ಕೈಯಿಂದಲೇ ಗುರುತು ಹಿಡಿಯೋದು ಈಗ. ನಾನು ಫೀಮಿ. ಒಂದು ಉಪಕಾರ ಮಾಡ್ತೀರಾ? ನನ್ನ ಗಂಡನ ಕಲ್ಲಿಗೆ ಹೊದಿಸೋ ಬಿಳಿ ಬಟ್ಟೆ ಹೊಲಿಯೋರಿಲ್ದೆ ಬಿದ್ದಿದೆ. ಊರಲ್ಲಿ ಕೇಳಿದ್ರೆ ಕಲ್ಲು ಯಾವಾಗ, ಯಾವಾಗ ಅಂತ ಪ್ರಾಣ ತಿಂತಾರೆ. ನೀವಾದ್ರೆ ಹೊರಗಿನೋರು."

ಮುಖಕ್ಕೆ ಹೊಡೆದ ಹಾಗೆ ಆಡಬೇಕೆಂದಿದ್ದ ಮಾತು ಗಂಟಲಲ್ಲೇ ಇತ್ತು. "ಆಗಲಿ" ಎಂದೆ. ಅವಳು ನನ್ನ ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳ ಮನೆಯೊಳಗೆ ಕಾಲಿಡುವ ಅವಕಾಶ ತಾನಾಗಿ ಬಂದಿದೆ, ಬಿಡುವುದೇಕೆ?

ಮೇ 5, ಭಾನುವಾರ

ಅವನು ತನ್ನ ಮನೆಯ ಬಗ್ಗೆ ಹೇಳಿದ್ದೆಲ್ಲ ನಿಜ. ನೀಲಿ ಬಾಗಿಲು, ಮುಂದೆ ಬಾದಾಮಿ ಮರ, ಮಳೆನೀರಿನ ತೊಟ್ಟಿ. ಒಂದನ್ನು ಮಾತ್ರ ಹೇಳಿರಲಿಲ್ಲ. ಹಜಾರದ ಕುರ್ಚಿಯ ಮೇಲೆ ಹಳದಿ ಹೂವಿನ ಹಾಸು, ನಾನು ಕೈಯಲ್ಲೇ ಹೊಲಿದು ಅವನ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ದೋಣಿಯಲ್ಲಿ ಹಾಸಿಕೊಳ್ಳುತ್ತೇನೆ ಎಂದಿದ್ದ. ಹೆಂಡತಿಗೆ ತಂದು ಕೊಟ್ಟಿದ್ದಾನೆ ಬಡ್ಡಿಮಗ. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ಆದರೂ ಮಾಡಿಕೊಂಡೆ.

ಚರ್ಚಿನಿಂದ ಬಂದವಳೇ ಊಟಕ್ಕೆ ಕೂರಿಸಿದಳು. ಕೂಕೂ ಎನ್ನುವ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ತೊಗರಿಕಾಳಿನ ಸಾರು. "ಕೂಕೂಗೆ ಬೆಂಡೆಕಾಯಿ ಹಾಕಿಲ್ಲ, ಏನೂ ಅಂದ್ಕೋಬೇಡಿ. ಆಲ್ಬನ್ ಬೆಂಡೆಕಾಯಿ ಬಾಯಿಗಿಡ್ತಿರಲಿಲ್ಲ. ನನಗೂ ಅದೇ ಅಭ್ಯಾಸ ಆಗೋಯ್ತು" ಎಂದಳು. ನನ್ನ ಮನೆಯಲ್ಲಿ ಹದಿನಾಲ್ಕು ವರ್ಷ ಬೆಂಡೆಕಾಯಿ ಹಾಕಿದ ಕೂಕೂವನ್ನು ಬೆರಳು ಚೀಪಿಕೊಂಡು ತಿಂದಿದ್ದಾನೆ. ಗೆದ್ದೆ ಎನ್ನಿಸಿತು. ಆಮೇಲೆ, ಅವನು ಸುಳ್ಳು ಹೇಳಿದ್ದು ಅವಳಿಗೋ ನನಗೋ ಎಂಬ ಯೋಚನೆ ಬಂತು.

ಕಲ್ಲು ಹಜಾರದ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿದೆ. ಹಿಂದಿನಿಂದ ನೋಡಿದರೆ ಶಿಕ್ಷೆಗೆ ನಿಲ್ಲಿಸಿದ ಮಗುವಿನ ಹಾಗಿದೆ. ಅಂದರೆ ಅವಳು ಕಲ್ಲು ಮಾಡಿಸಿಯೇ ಇದ್ದಾಳೆ. ರಮ್ ತುಂಬಿಟ್ಟಿದ್ದಾಳೆ, ಊಟಕ್ಕೆ ಬೇಕಾದ ಮೇಕೆಗಳು ಹಿತ್ತಲಲ್ಲಿ ಮೇಯುತ್ತಿವೆ, ಡೋಲಿನವರಿಗೂ ಹೇಳಿಟ್ಟಿದ್ದಾಳೆ.

"ಮತ್ತೆ ಯಾಕೆ ನಿಲ್ಲಿಸಿಲ್ಲ?" ಎಂದೆ. ಈ ಪ್ರಶ್ನೆಗಾಗಿಯೇ ಸಮುದ್ರ ದಾಟಿದ್ದೆ.

"ಅವನು ಕೇಳಿಲ್ವಲ್ಲ" ಎಂದಳು. "ಸತ್ತೋರು ಕನಸಲ್ಲಿ ಮನೆಗೆ ಬಂದು, ಹಸಿವು, ನನಗೆ ಕಲ್ಲು ಬೇಕು ಅಂತ ಕೇಳಬೇಕು. ಕೇಳದೆ ನಿಲ್ಲಿಸಿದ್ರೆ ಕಲ್ಲಿನ ಕೆಳಗೆ ಅವನು ಇರೋದೇ ಇಲ್ಲ, ಬರೀ ಮಣ್ಣಿಗೆ ಕಲ್ಲು ಹೊರಿಸಿದ ಹಾಗೆ. ಅವನ ಅಂಗಿ ತಲೆ ಕೆಳಗೆ ಇಟ್ಕೊಂಡು ಮಲಗಿದೆ. ಉಪವಾಸ ಮಾಡಿದೆ. ಹೊಸಿಲಿಗೆ ರಮ್ ಹೊಯ್ದೆ. ಬರಲೇ ಇಲ್ಲ. ಗಂಡ ಇವಳ ಕನಸಿಗೆ ಬರೋಕೂ ಹೆದರ್ತಾನೆ ಅಂತ ಊರೋರು ಆಡ್ಕೋತಾರೆ."

ನಾನು ಬಟ್ಟೆಯ ಅಂಚು ಮಡಿಸಿ ಹೊಲಿಯುತ್ತಿದ್ದೆ. ಅವಳು ಎದುರಿಗೆ ಕೂತು ತೊಗರಿಕಾಯಿ ಸುಲಿಯುತ್ತಾ, ನನಗಲ್ಲ, ಬಟ್ಟಲಿಗೆ ಹೇಳುವವಳ ಹಾಗೆ ಹೇಳಿದಳು:

"ನನಗೆ ಅನ್ನಿಸೋದು, ಯಾರೋ ಅವನಿಗೆ ಎಡೆ ಇಡ್ತಿದಾರೆ. ಹೊಟ್ಟೆ ತುಂಬಿದೋನು ಮನೆ ದಾರಿ ಯಾಕೆ ಹಿಡೀತಾನೆ ಹೇಳಿ? ನಾನು ಬೈಯಲ್ಲ ಅವಳನ್ನ. ಪ್ರೀತಿ ಇಲ್ದೆ ಯಾರೂ ಸಪ್ಪೆ ಅಡುಗೆ ಮಾಡಲ್ಲ. ಆದ್ರೆ ಅವಳಿಗೆ ಗೊತ್ತಿಲ್ಲ ಪಾಪ. ದಾರೀಲಿ ಉಂಡೋನು ದಾರೀಲೇ ಉಳೀತಾನೆ. ಇತ್ಲಾಗೆ ಮನೆಯೂ ಇಲ್ಲ, ಅತ್ಲಾಗೆ ಮಣ್ಣೂ ಇಲ್ಲ."

'ಅವಳು' ಎಂದಳು ಫೀಮಿ, 'ಅವಳು'. 'ಅವನು' ಎನ್ನಬಹುದಿತ್ತು, 'ಅವರು' ಎನ್ನಬಹುದಿತ್ತು.

"ಕಲ್ಲು ನಿಂತ ಮೇಲೂ ಕನಸಲ್ಲಿ ಬರ್ತಾರಾ?" ಎಂದು ಕೇಳಿದೆ. ಧ್ವನಿ ಸರಿಯಾಗಿಯೇ ಇತ್ತು.

"ಯಾಕೆ ಬರ್ತಾರೆ? ಮಲಗ್ತಾರೆ."

ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ. ಅಂಚಿನ ಮೇಲೆ ಬೆರಳಾಡಿಸಿ, "ಉಲ್ಟಾ ಮಡಿಸಿದ್ದೀರಿ ಅಲ್ವಾ?" ಎಂದಳು. ನಿಜ, ಉಲ್ಟಾ ಮಡಿಸಿದ್ದೆ. ಮೂರನೆಯ ತರಗತಿಯ ಹುಡುಗಿಯೂ ಮಾಡದ ತಪ್ಪು. ಎಲ್ಲ ಬಿಚ್ಚಿ ಹೊಸದಾಗಿ ಹೊಲಿಯಬೇಕು. ನಾನು ಬಿಚ್ಚುವಾಗ ಅವಳು ಹೋಗಿ ಹಳದಿ ಹಾಸಿನ ಕುರ್ಚಿಯಲ್ಲಿ ಕೂತಳು. ಹಾಸಿನ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಒಂದೊಂದಾಗಿ ತಡವುತ್ತಾ ಕೂತಿದ್ದಳು. ಕಣ್ಣು ಮಂದವಾದವರ ಕೈ ಸುಮ್ಮನಿರುವುದಿಲ್ಲ.

ಮೇ 6, ಸೋಮವಾರ

ಎಲ್ಲಿಗೂ ಹೋಗಲಿಲ್ಲ. ಟಾಂಟಿಗೆ ತಲೆನೋವು ಎಂದೆ.

ಎಡೆ ಇಡುವುದನ್ನು ನಾನೇಕೆ ನಿಲ್ಲಿಸಬೇಕು? ಅವಳಿಗೆ ಅವನ ಹೆಸರಿದೆ, ಮನೆಯಿದೆ, ಹೆಣವನ್ನು ಮುಟ್ಟಿ ತೊಳೆದ ಕೈಗಳಿವೆ. ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡು ಅಳಬಹುದು, ಊರು ಹೆಗಲು ಕೊಡುತ್ತದೆ. ನನಗೆ ಅವನದೊಂದು ಫೋಟೋ ಕೂಡ ಇಲ್ಲ. ವಾರಕ್ಕೊಂದು ಕನಸು ಇದೆ. ಅದನ್ನೂ ಕೊಡು ಅಂದರೆ?

ಅವಳು ಕೊಡು ಎಂದಿಲ್ಲ. ಅದೇ ಕಷ್ಟ.

ಮೇ 7, ಮಂಗಳವಾರ

ಬಟ್ಟೆ ಮುಗಿಸಿ ಕೊಟ್ಟೆ. ನಾಲ್ಕು ಮೂಲೆಗೂ ಬಿಳಿ ದಾರದಲ್ಲಿ ಒಂದೊಂದು ಚಿಕ್ಕ ದೋಣಿ ಕಸೂತಿ ಹಾಕಿದ್ದೇನೆ, ಹತ್ತಿರ ಹಿಡಿದರಷ್ಟೇ ಕಾಣುತ್ತದೆ. ಫೀಮಿಗೆ ಕಾಣುವುದಿಲ್ಲ, ಆದರೆ ಅವಳು ಬೆರಳಲ್ಲಿ ಓದುತ್ತಾಳೆ. ಓದಿ, ಬಟ್ಟೆಯನ್ನು ಮಡಿಸಿ ಕಲ್ಲಿನ ಮೇಲಿಟ್ಟಳು. ಹೊಲಿಗೆಗೆ ಏನೂ ತೆಗೆದುಕೊಳ್ಳುವುದಿಲ್ಲ ಎಂದೆ. ಹಾಗಾದರೆ ಬುತ್ತಿಯನ್ನಾದರೂ ತೆಗೆದುಕೊಳ್ಳಿ ಎಂದು ಬಾಳೆಲೆಯಲ್ಲಿ ಕಟ್ಟಿಕೊಟ್ಟಳು.

ಟಾಂಟಿ ಜೀಟಾ ಹಡಗುಕಟ್ಟೆಯವರೆಗೆ ಬಂದಳು. "ಐದು ದಿನ ಇದ್ದೆ, ಒಂದು ದಿನಾನೂ ನಿನ್ನ ಟವೆಲು ಒದ್ದೆ ಆಗಲಿಲ್ಲ. ಒಳ್ಳೆ ರಜೆ ಮಗಳೇ ನಿಂದು" ಎಂದಳು. ನನಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಮುದುಕಿ ನನ್ನ ಬೆನ್ನು ತಟ್ಟಿ, "ಗಾಳಿ ಜಾಸ್ತಿ ಇವತ್ತು, ಕಣ್ಣಿಗೆ ಉಪ್ಪು ಹೊಡೆಯುತ್ತೆ" ಎಂದಳು.

ಫೀಮಿ ಕೊನೆಯಲ್ಲಿ ಆಡಿದ ಮಾತು ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಬಾಗಿಲವರೆಗೆ ಬಂದು ಹೇಳಿದಳು, "ಪಟ್ಟಣದಲ್ಲಿ ನಿಮಗೆ ಬೇಕಾದಷ್ಟು ಜನ ಗೊತ್ತಿರ್ತಾರೆ. ದೋಣಿಕಟ್ಟೆ ಕಡೆ ಯಾರಾದ್ರೂ ಸಿಕ್ರೆ, ಎಡೆ ಇಡೋರು ಯಾರು ಅಂತ ಕೇಳಿ ನೋಡಿ. ಜಗಳಕ್ಕಲ್ಲ. ನನಗೆ ವಯಸ್ಸಾಯ್ತು, ಅವನನ್ನ ಮಲಗಿಸಿ ಹೋಗಬೇಕು ಅಂತ ಆಸೆ."

ದೋಣಿಕಟ್ಟೆ ಎಂದೇ ಏಕೆ ಹೇಳಿದಳೋ. ನನ್ನದಲ್ಲದೆ ಅಲ್ಲಿ ನೂರು ಮನೆಗಳಿವೆ, ಅವಳಿಗೆ ಏನೂ ಗೊತ್ತಿರಲು ಸಾಧ್ಯವಿಲ್ಲ. ಬುತ್ತಿಯನ್ನು ಹಡಗಿನಲ್ಲೇ ಬಿಚ್ಚಿ ಎಲ್ಲವನ್ನೂ ತಿಂದೆ. ಚೆನ್ನಾಗಿತ್ತು.

ಮೇ 10, ಶುಕ್ರವಾರ

ಎಡೆ ಇಟ್ಟೆ. ಇದು ಕೊನೆಯ ಸಲ.

ಮೇ 17, ಶುಕ್ರವಾರ

ಇಟ್ಟೆ. ಕೊನೆಯ ಸಲ ಎಂದದ್ದು ಹೋದ ವಾರದ ಮಾತು. ಬೆಂಡೆಕಾಯಿ ಹಾಕಿ ಕೂಕೂ ಮಾಡಿದ್ದೆ. ಬಂದ, ಉಂಡ, ಹೋದ. ಪ್ಯಾಂಟು ಇನ್ನೂ ಒದ್ದೆಯೇ ಇದೆ. ಇಷ್ಟು ದಿನವಾದರೂ ಒಣಗಿಲ್ಲ ಎಂಬುದನ್ನು ನಾನು ಈಗ ಗಮನಿಸುತ್ತಿದ್ದೇನೆ.

ಮೇ 24, ಶುಕ್ರವಾರ

ಸಂಜೆ ಕಾನ್ರಾಡ್ ಬಂದು ತೊಗರಿಕಾಳಿನ ಚೀಲವೊಂದನ್ನು ಬಾಗಿಲಲ್ಲಿಟ್ಟ. ಆಲ್ಬನ್ ಸತ್ತ ಮೇಲೆ ನನ್ನ ಮನೆಗೆ ಬಂದದ್ದು ಇದೇ ಮೊದಲು.

"ಫೀಮಿ ಕಳಿಸಿದ್ದು" ಎಂದ. "ಪಟ್ಟಣದ ಹೊಲಿಗೆಯಮ್ಮನಿಗೆ ಅಂದ್ಲು. ಯಾವ ಹೊಲಿಗೆಯಮ್ಮ, ಪಟ್ಟಣದ ತುಂಬಾ ಹೊಲಿಗೆಯೋರೇ ಇದ್ದಾರೆ ಅಂದೆ. ನಿನಗೆ ಗೊತ್ತಿರುತ್ತೆ ಕಾನ್ರಾಡ್ ಅಂತ ನಕ್ಕಳು. ನಾನೇನೂ ಬಾಯಿ ಬಿಟ್ಟಿಲ್ಲ ಲಿಸ್ಟ್ರಾ, ದೇವರಾಣೆ."

"ಕೂತ್ಕೋ. ಹೇಗಿದ್ದಾಳೆ?"

"ಹೇಗಿರ್ತಾಳೆ. ಕನಸು ಬೀಳದಿದ್ರೂ ಬಿತ್ತು ಅಂತ ಹೇಳಿ ಕಲ್ಲು ನಿಲ್ಲಿಸಿಬಿಡು, ಯಾರು ಬಂದು ನೋಡ್ತಾರೆ ಅಂತ ಊರೋರು ಹೇಳಿದ್ರಂತೆ. ಯಾರನ್ನ ಬೇಕಾದ್ರೂ ನಂಬಿಸ್ತೀನಿ, ಆಲ್ಬನ್‌ನ ಹೇಗೆ ನಂಬಿಸಲಿ ಅಂದ್ಲಂತೆ. ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತಿರ್ತಾಳೆ. ಹೋಗಿಬರೋರು ಬಂದ್ನಾ ಅಂತಾರೆ. ಇಲ್ಲ, ಇವತ್ತೂ ಇಲ್ಲ ಅಂತಾಳೆ. ನೋಡೋಕಾಗಲ್ಲ."

ಒಲೆಯ ಮೇಲೆ ಸಪ್ಪೆ ಸಾರು ಕುದಿಯುತ್ತಿತ್ತು. ಕಾನ್ರಾಡ್ ಮೂಗೆಳೆದ, ಪಾತ್ರೆ ನೋಡಿದ, ಕಿಟಕಿಯ ಬಳಿ ತೊಳೆದಿಟ್ಟ ತಟ್ಟೆ ನೋಡಿದ. ಅವನೂ ಕಾರ್ಯಾಕುವಿನವನೇ. ಟೋಪಿ ಕೈಗೆ ತೆಗೆದುಕೊಂಡು ಎದ್ದ. "ಹಾಳಾದ ಹೆಂಗಸೇ" ಎಂದ, ಆದರೆ ಮೆಲ್ಲಗೆ, ಬೈಗುಳದ ಹಾಗಲ್ಲ. ಬಾಗಿಲು ಎಳೆದುಕೊಂಡು ಹೋದ.

ಇವತ್ತೂ ಇಟ್ಟೆ.

ಮೇ 31, ಶುಕ್ರವಾರ

ಇಡಲಿಲ್ಲ.

ಫೀಮಿಯ ತೊಗರಿಕಾಳು ಬೇಯಿಸಿ ಉಪ್ಪು ಹಾಕಿದೆ. ನವೆಂಬರಿನಿಂದ ಶುಕ್ರವಾರ ಮನೆಯಲ್ಲಿ ನಾನೂ ಸಪ್ಪೆಯೇ ಉಣ್ಣುತ್ತಿದ್ದೆ. ರುಚಿಯಾಗಿತ್ತು. ರುಚಿಯಾದದ್ದಕ್ಕೆ ನಾಚಿಕೆಯಾಯಿತು. ಇನ್ನು ಮಲಗಬೇಕು, ಮಲಗಲು ಹೆದರಿಕೆ.

ಜೂನ್ 1, ಶನಿವಾರ

ಬಂದ. ಬಾಗಿಲಲ್ಲಿ ನಿಂತು ಮೊದಲು ಕಿಟಕಿ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಇಷ್ಟು ವಾರಗಳಲ್ಲಿ ಅವನು ನನ್ನ ಮುಖ ನೋಡಿದ್ದು ಇದೇ ಮೊದಲು, ಅಲ್ಲಿಯವರೆಗೆ ತಟ್ಟೆಯನ್ನೇ ನೋಡುತ್ತಿದ್ದ.

"ಹಸಿವು" ಎಂದ.

"ಇಲ್ಲೇನೂ ಇಲ್ಲ ಆಲ್ಬನ್. ಮನೆಗೆ ಹೋಗು."

"ಯಾವ ಮನೆಗೆ?" ಎಂದ.

ತಮಾಷೆಗೆ ಕೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವನ ಹಾಗೆ ಕೇಳಿದ. ಇದು ನಿನ್ನ ಮನೆ, ಕೂರು ಎಂದು ಬಾಯಿಯವರೆಗೆ ಬಂತು. ಹದಿನಾಲ್ಕು ವರ್ಷ ಅವನು ಆ ಪ್ರಶ್ನೆ ಕೇಳಲಿ ಎಂದು ಕಾದಿದ್ದೆ, ಉತ್ತರ ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ.

"ನಿನ್ನ ಹೆಂಡತಿ ಮನೆಗೆ. ನೀಲಿ ಬಾಗಿಲು" ಎಂದೆ.

ನಿಂತೇ ಇದ್ದ. ಬಾಗಿಲು ಹಾಕಿದೆ. ಹಾಕುವಾಗ ಅವನ ಕೈ ಚೌಕಟ್ಟಿನ ಮೇಲಿತ್ತು, ಅವನು ತೆಗೆಯುವವರೆಗೆ ಕಾದು ಹಾಕಿದೆ. ಎಚ್ಚರವಾದ ಮೇಲೂ ಬಹಳ ಹೊತ್ತು ಎದ್ದೇಳಲಿಲ್ಲ. ಶಾಲೆಯ ಸಮವಸ್ತ್ರ ಒಯ್ಯಲು ಜನ ಬಂದು ಬಾಗಿಲು ತಟ್ಟಿದರು. ತೆಗೆಯಲಿಲ್ಲ.

ಜೂನ್ 14, ಶುಕ್ರವಾರ

ಇಡಲಿಲ್ಲ. ಹೋದ ವಾರವೂ ಇಟ್ಟಿರಲಿಲ್ಲ. ಬರುತ್ತಿಲ್ಲ.

ಡೋರೀನ್ ಇವತ್ತು, "ಆ ಕಿಟಕಿ ಯಾಕೆ ಹಾಕೇ ಇಟ್ಟಿದ್ದೀಯ, ಉಸಿರು ಕಟ್ಟಲ್ವಾ?" ಎಂದು ಕೇಳಿದಳು. ಸೊಳ್ಳೆ ಎಂದೆ. ಉಸಿರು ಕಟ್ಟುವುದು ನಿಜ. ಈ ಸಲ ಅವನು ಎರಡನೆಯ ಬಾರಿ ಸತ್ತಾಗ ಕಟ್ಟೆಯ ಮೇಲೆ ನಿಂತು ನೋಡುವುದಕ್ಕೂ ಏನೂ ಇರಲಿಲ್ಲ.

ಜೂನ್ 28, ಶುಕ್ರವಾರ

ಕಾನ್ರಾಡ್ ಮೆಟ್ಟಿಲು ಹತ್ತುವಾಗಲೇ ಅವನ ಮುಖ ನೋಡಿ ತಿಳಿಯಿತು.

"ಬಂದನಂತೆ ಲಿಸ್ಟ್ರಾ. ಫೀಮಿ ಬೆಳಿಗ್ಗೆ ಮಲಗೋ ಅಂಗಿಯಲ್ಲೇ ಬೀದಿಗೆ ಬಂದು, ಬಂದ, ಬಂದ ಅಂತ ಮನೆ ಮನೆ ಬಾಗಿಲು ಬಡಿದ್ಲಂತೆ. ಟಾಂಟಿ ಜೀಟಾ ಶಾಲು ಹೊದಿಸಿ ಕರ್ಕೊಂಡು ಹೋದ್ಲಂತೆ. ಸೊರಗಿ ಕಡ್ಡಿ ಆಗಿದ್ದನಂತೆ. ಹಸಿವು, ನನಗೊಂದು ಕಲ್ಲು ಕೊಡು ಅಂದನಂತೆ. ಮುಂದಿನ ತಿಂಗಳು ಇಪ್ಪತ್ತಕ್ಕೆ ನಿಲ್ಲಿಸೋದು."

"ಒಳ್ಳೇದಾಯ್ತು" ಎಂದೆ. ಆ ಮಾತಿಗೆ ಎಷ್ಟು ಶಕ್ತಿ ಬೇಕಾಯಿತು ಎಂದು ನನಗೇ ಗೊತ್ತು.

"ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಿದ್ಲಂತೆ." ಕಾನ್ರಾಡ್ ಅಲ್ಲಿಗೇ ನಿಲ್ಲಿಸಿದ.

"ಏನಂದ?"

"ಬೇಡ ಬಿಡು."

"ಹೇಳು ಕಾನ್ರಾಡ್."

"ಬಾಗಿಲು ಹಾಕಿಬಿಟ್ರು ಫೀಮಿ, ಅಂದನಂತೆ."

ಕಾನ್ರಾಡ್‌ಗೆ ಕಾಫಿ ಮಾಡಿಕೊಟ್ಟೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ, ಅವನು ಸುಮ್ಮನೆ ಕುಡಿದ. ಇಷ್ಟು ವರ್ಷ ಶುಕ್ರವಾರ ಶುಕ್ರವಾರ ಒಲೆಯ ಮುಂದೆ ನಿಂತು ಬಡಿಸಿದ್ದು ಯಾವುದೂ ಅವನ ನೆನಪಿಗೆ ಬರಲಿಲ್ಲ. ಬಾಗಿಲು ಹಾಕಿದ್ದನ್ನು ಮಾತ್ರ ಹೋಗಿ ಹೆಂಡತಿಗೆ ಹೇಳಿದ. ಗಂಡಸರ ಬುದ್ಧಿ ಸತ್ತರೂ ಹೋಗುವುದಿಲ್ಲ. ಇಷ್ಟು ಬರೆದು ನಗಲು ನೋಡಿದೆ, ಆಗಲಿಲ್ಲ.

ಹೊರಡುವಾಗ ಕಾನ್ರಾಡ್ ಹೇಳಿದ, "ಹೊಲಿಗೆಯಮ್ಮ ಬರಲೇಬೇಕಂತೆ. ಬರದಿದ್ರೆ ಊಟಕ್ಕೆ ಎಲೆ ಹಾಕಲ್ಲ ಅಂದಿದ್ದಾಳೆ." ನಾನು ಬರುವುದಿಲ್ಲ ಎಂದೆ.

ಜುಲೈ 21, ಭಾನುವಾರ, ಆನ್ಸ್ ರೋಜ್

ಹೋದೆ. ನಿನ್ನೆ ಮುಗಿಯಿತು.

ನಾನು ಹೊಲಿದ ಬಟ್ಟೆ ಹೊದಿಸಿ ಕಲ್ಲನ್ನು ನಾಲ್ಕು ಜನ ಸ್ಮಶಾನಕ್ಕೆ ಹೊತ್ತು ತಂದರು. ಊರೆಲ್ಲ ಹಿಂದೆ ನಡೆಯಿತು. ನಾನು ಕೊನೆಯಲ್ಲಿ, ಟಾಂಟಿ ಜೀಟಾಳ ಪಕ್ಕದಲ್ಲಿದ್ದೆ. ಕಲ್ಲನ್ನು ನಿಲ್ಲಿಸಿ ಬಟ್ಟೆ ತೆಗೆದರು. ಬಿಸಿಲಿಗೆ ಅವನ ಹೆಸರು ಕಣ್ಣಿಗೆ ರಾಚಿತು. ಇನ್ನು ಮನೆಯವರು ಸರದಿಯಂತೆ ನೀರು ಹೊಯ್ಯಬೇಕು. ಹೊಯ್ಯುವಾಗ ತಾನು ಯಾರೆಂದು ಸತ್ತವನಿಗೆ ಹೇಳಬೇಕು, ಹೇಳದವರ ನೀರು ಅವನಿಗೆ ಮುಟ್ಟುವುದಿಲ್ಲವಂತೆ.

"ಆಲ್ಬನ್, ನಾನು ಫೀಮಿ, ನಿನ್ನ ಹೆಂಡತಿ" ಎಂದು ಅವಳು ಮೊದಲು ಹೊಯ್ದಳು. ನಾನು ಮಗಳು, ನಾನು ಅಳಿಯ, ನಾನು ಮೊಮ್ಮಗಳು ಎನ್ನುತ್ತಾ ಹೂಜಿ ಕೈಯಿಂದ ಕೈಗೆ ಹೋಯಿತು. ನಾನು ದೋಣಿಯವನು ಎಂದು ಕಾನ್ರಾಡ್ ಹೊಯ್ದ. ಸಾಲು ಮುಗಿಯಿತು ಎಂದು ಡೋಲಿನವರು ಕೈ ಎತ್ತಿದರು.

"ತಡೀರಿ, ಇನ್ನೊಬ್ರಿದ್ದಾರೆ" ಎಂದಳು ಫೀಮಿ. ಮಸಕುಗಣ್ಣಿನಿಂದ ಜನರ ಕಡೆ ತಿರುಗಿ ಹೂಜಿಯನ್ನು ಮುಂದೆ ಚಾಚಿ ನಿಂತಳು. ಯಾವ ಕಡೆ ಚಾಚಬೇಕೆಂದು ಅವಳಿಗೆ ತಿಳಿಯಲಿಲ್ಲ, ಸಮುದ್ರದ ಕಡೆ ಚಾಚಿದ್ದಳು. ಯಾರೂ ಹೋಗಲಿಲ್ಲ. ಅವಳು ಕೈ ಇಳಿಸಲಿಲ್ಲ. ಟಾಂಟಿ ಜೀಟಾ ನನ್ನ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ಹೂಜಿ ತೆಗೆದುಕೊಂಡೆ. ಬೆರಳು ತಾಗಿದ ಕೂಡಲೇ ಫೀಮಿ ಕೈ ಬಿಟ್ಟಳು. ಊರೆಲ್ಲ ನೋಡುತ್ತಿತ್ತು. ನಾನು ಯಾರೆಂದು ಹೇಳಲಿ? ಹೆಂಡತಿಯಲ್ಲ, ಅಕ್ಕತಂಗಿಯಲ್ಲ, ದೋಣಿಯವಳಲ್ಲ. ಹದಿನಾಲ್ಕು ವರ್ಷಕ್ಕೆ ನನ್ನ ಹತ್ತಿರ ಒಂದು ಪದವಿರಲಿಲ್ಲ. ಇದನ್ನು ಹೊಯ್ದರೆ ಮಲಗುತ್ತಾನೆ, ಇನ್ನೆಂದೂ ಬರುವುದಿಲ್ಲ.

"ಆಲ್ಬನ್" ಎಂದೆ. "ನಾನು ಲಿಸ್ಟ್ರಾ. ಬಾಗಿಲು ಹಾಕಿದೋಳು ನಾನೇ."

ಹೊಯ್ದೆ. ಅರ್ಧ ನೀರು ಮರಳಿಗೆ ಹೋಯಿತು. ಹಿಂದೆ ಯಾರೋ ಗುಸುಗುಸು ಎಂದರು, ಯಾರೋ ಸುಮ್ಮನಿರಿಸಿದರು. ಫೀಮಿ ಬಗ್ಗಿ ಕಲ್ಲಿನ ಮೇಲೆಲ್ಲ ಅಂಗೈ ಆಡಿಸಿದಳು, ಅವನ ಹೆಸರಿನ ಮೇಲೆ, ತುದಿಯ ಮೇಲೆ, ಪಕ್ಕದಲ್ಲಿ.

"ಈ ಕಡೆ ಇನ್ನೂ ಒಣಗಿದೆ" ಎಂದಳು. "ಇನ್ನೊಂದು ಸಲ ಹೊಯ್ಯಿ ಲಿಸ್ಟ್ರಾ."